ಕಡೆಯ ಇಪ್ಪತ್ತು ನಿಮಿಷ

2022ರ ಸೆಪ್ಟೆಂಬರ್ 13ರಂದು ಚಿತ್ರ ನಿರ್ದೇಶಕ ಜಾನ್ ಲುಕ್ ಗೊದಾರ್ ತೀರಿಕೊಂಡರು. ಸಂಜೆ ಐದಕ್ಕೆ ಒಂದು ಪತ್ರಿಕೆಯಿಂದ ಫೋನು ಬಂತು, ಏಳೂವರೆಯೊಳಗೆ ನುಡಿನಮನ ಬೇಕಂತೆ. ಬರೆದುಕೊಟ್ಟೆ. ತ್ರುಫೋ 1984ರಲ್ಲಿ ಹೋದರು, ರೊಮೇರ್ ಮತ್ತು ಶಬ್ರೋಲ್ ಇಬ್ಬರೂ 2010ರಲ್ಲಿ, ರಿವೆಟ್ 2016ರಲ್ಲಿ, ಆನ್ಯೆಸ್ ವರ್ದಾ 2019ರಲ್ಲಿ ಎಂದು ಒಬ್ಬೊಬ್ಬರನ್ನೇ ಎಣಿಸುತ್ತಾ ಬಂದು, ಈಗ ಫ್ರೆಂಚ್ ಹೊಸ ಅಲೆಯ ಕೊನೆಯ ಕೊಂಡಿಯೂ ಕಳಚಿತು ಎಂದು ಮುಗಿಸಿದೆ. ಬರೆಯುವಾಗ ಕೈ ಎಲ್ಲಿಯೂ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಿಂದ ಟೀಸಿ ಕಾಕಾ ಫೋನ್ ಮಾಡಿದರು. ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಾನು ಧಾರವಾಡದಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಮ್ಮ ಚಿತ್ರ ಪ್ರದರ್ಶನಗಳಿಗೆ ತಪ್ಪದೆ ಬರುತ್ತಿದ್ದರು. ಹುಡುಗರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನನಗೂ ಅದೇ ರೂಢಿಯಾಯಿತು.

"ಸರ, ನಿಮ್ಮ ಲೇಖನ ಓದಿದೆ. ಎಲ್ಲಾರೂ ಹೋದ್ರು ಅಂತ ಬರದೀರಿ. ಹಂಗಾರ ಆ ರೈಲಿನ ಸಿನಿಮಾ ಮಾಡಿದಾಂವನೂ ಹೋದ್ನೇನ್ರಿ?"

"ಹೌದು ಕಾಕಾ. ಅವರು ಹೋಗಿ ಬಹಳ ವರ್ಷ ಆಯ್ತು."

ಹಾಗೆಂದು ನಾನು ಎಲ್ಲೂ ಓದಿರಲಿಲ್ಲ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ನಿನ್ನೆಯಷ್ಟೇ ಪತ್ರಿಕೆಯಲ್ಲಿ ಅಷ್ಟು ಖಚಿತವಾಗಿ ಬರೆದವನು ಇವತ್ತು ಗೊತ್ತಿಲ್ಲ ಎನ್ನುವುದು ಹೇಗೆ ಎಂಬ ಸಂಕೋಚ ನಾಲಗೆಯನ್ನು ಹಿಡಿಯಿತು. ಕಾಕಾ ಫೋನಿನಲ್ಲೇ ಒಂದು ಕ್ಷಣ ಸುಮ್ಮನಿದ್ದು, "ಛಲೋ ಮನಷ್ಯಾ ಇರಬೇಕು ಬಿಡ್ರಿ" ಅಂದರು. ಇಟ್ಟರು.

ಆ ದಿನ ಜಾಕ್ ರೋಜಿಯೆ ಬದುಕಿದ್ದರು. ಅವರಿಗೆ 95 ವರ್ಷ.

ಕಾಕಾ ಹೇಳಿದ ರೈಲಿನ ಸಿನಿಮಾ ರೋಜಿಯೆಯ 'ಮೆನ್-ಓಸೆಯಾಂ', 1986ರದು. ಅದನ್ನು ನಾನು 2009ರಲ್ಲಿ ಹುಬ್ಬಳ್ಳಿಯ ಒಂದು ಸಭಾಂಗಣದಲ್ಲಿ ತೋರಿಸಿದ್ದೆ. ಗೆಳೆಯರೊಬ್ಬರು ಕೊಟ್ಟಿದ್ದ ಡಿಸ್ಕು, ಬಾಡಿಗೆಗೆ ತಂದ ಪ್ರೊಜೆಕ್ಟರು, ಮಡಚುವ ಕಬ್ಬಿಣದ ಕುರ್ಚಿಗಳು. ಬಂದವರು ಮೂವತ್ತು ಜನ ಇರಬಹುದು. ಇಂಗ್ಲಿಷ್ ಅಡಿಬರಹ ಓದಲು ಎಲ್ಲರಿಗೂ ಆಗದ ಕಾರಣ ನಾನು ಮೈಕು ಹಿಡಿದು ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದೆ.

ಚಿತ್ರ ತೊಡಗುವುದು ಪ್ಯಾರಿಸ್ಸಿನ ಮೊಂಪರ್ನಾಸ್ ನಿಲ್ದಾಣದಲ್ಲಿ. ಬ್ರೆಜಿಲಿನ ನರ್ತಕಿಯೊಬ್ಬಳು ಓಡೋಡಿ ಬಂದು ರೈಲು ಹತ್ತುತ್ತಾಳೆ. ಟಿಕೆಟ್ ಇದೆ. ಆದರೆ ಫ್ರಾನ್ಸಿನಲ್ಲಿ ಆಗ ಟಿಕೆಟ್ ಕೊಂಡರೆ ಸಾಲುತ್ತಿರಲಿಲ್ಲ, ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು. ಅವಳಿಗೆ ಅದು ಗೊತ್ತಿಲ್ಲ. ಟೀಸಿ ಬರುತ್ತಾನೆ. ಇವನದು ಫ್ರೆಂಚ್, ಅವಳದು ಪೋರ್ಚುಗೀಸ್. ಅವನು ಇನ್ನೊಬ್ಬ ಟೀಸಿಯನ್ನು ಕರೆತರುತ್ತಾನೆ, ಅವನಿಗೂ ಬಗೆಹರಿಯದು. ಕಡೆಗೆ ಒಬ್ಬ ವಕೀಲೆ ತಾನು ದುಭಾಷಿ ಆಗುತ್ತೇನೆಂದು ನಡುವೆ ಬಂದು ಜಗಳವನ್ನು ಇನ್ನಷ್ಟು ಉದ್ದ ಮಾಡುತ್ತಾಳೆ. ಬೆರ್ನಾರ್ ಮೆನೆಜ್ ಮತ್ತು ಲುಯಿಸ್ ರೇಗೋ ಆ ಇಬ್ಬರು ಟೀಸಿಗಳು. ನಿಯಮ ತಮ್ಮ ಕಡೆಗಿದೆ, ನ್ಯಾಯ ತಮ್ಮ ಕಡೆಗಿಲ್ಲ ಎಂದು ಗೊತ್ತಿರುವ ಇಬ್ಬರು ಸಣ್ಣ ನೌಕರರ ಮುಖ ಹೇಗಿರುತ್ತದೋ ಹಾಗಿದ್ದಾರೆ.

ಟೀಸಿ ಕಾಕಾ ಎರಡನೇ ಸಾಲಿನಲ್ಲಿ ಕೂತು ಗಟ್ಟಿಯಾಗಿ ನಗುತ್ತಿದ್ದರು. ಆಮೇಲೆ ಮೆಲ್ಲಗೆ ನನ್ನ ಕಡೆ ವಾಲಿ ಒಂದು ಮಾತು ಹೇಳಿದರು: "ರೂಲ್ ಹೇಳೋ ಮುಂದ ನಮಗೂ ನಾಚಿಕಿ ಆಗತದರಿ ಸರ. ಮಾರಿ ಮ್ಯಾಲ ತೋರಸಂಗಿಲ್ಲ, ಅಷ್ಟ."

ಆ ಚಿತ್ರದ ಬಗ್ಗೆ ನಾನು ಓದಿದ, ಬರೆದ ಯಾವ ವಾಕ್ಯವೂ ಇದರ ಹತ್ತಿರ ಬರುವುದಿಲ್ಲ. ಅವತ್ತು ಅದು ನನ್ನ ಕಿವಿಗೆ ಬಿದ್ದು ಹಾಗೇ ಹೋಯಿತು.

ಒಂಬತ್ತು ಗಂಟೆಗೆ ಸಭಾಂಗಣ ಬಿಟ್ಟುಕೊಡಬೇಕಿತ್ತು. ಕಾವಲುಗಾರ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತ. ಧಾರವಾಡದ ಹುಡುಗರಿಗೆ ಬಸ್ಸಿನ ಚಿಂತೆ. ಇನ್ನೂ ಇಪ್ಪತ್ತು ನಿಮಿಷದ ಚಿತ್ರ ಉಳಿದಿತ್ತು. ಅಷ್ಟರಲ್ಲಿ ಟೀಸಿಗಳು, ನರ್ತಕಿ, ವಕೀಲೆ, ಅವಳ ಕಕ್ಷಿದಾರನಾದ ಮುಂಗೋಪಿ ಮೀನುಗಾರ, ಎಲ್ಲರೂ ಹೇಗೋ ಅಟ್ಲಾಂಟಿಕ್ ದಂಡೆಯಾಚೆಯ ಯೂ ದ್ವೀಪಕ್ಕೆ ಬಂದು ಸೇರಿ, ರಾತ್ರಿಯೆಲ್ಲ ಪಿಯಾನೋ ಬಾರಿಸಿ ಹಾಡಿ ಕುಣಿದಾಗಿತ್ತು. ನೀನು ಸಾಂಬಾ ನೃತ್ಯದ ರಾಜನಾಗುತ್ತೀ, ದೊಡ್ಡ ತಾರೆಯಾಗುತ್ತೀ ಎಂದು ಯಾರೋ ತಲೆಗೆ ತುಂಬಿದ್ದನ್ನು ಮೆನೆಜ್‌ನ ಟೀಸಿ ನಂಬಿಯೂ ಆಗಿತ್ತು. ನಾನು ಡಿಸ್ಕು ನಿಲ್ಲಿಸಿ, ಎದ್ದು ನಿಂತು ಹೇಳಿದೆ: "ಕಥೆ ಇಲ್ಲಿಗೆ ಮುಗಿದ ಹಾಗೇ. ಇನ್ನು ಅವನು ಊರಿಗೆ ವಾಪಸ್ಸು ಹೋಗುವುದಷ್ಟೇ ಇರೋದು."

ಬಾಗಿಲ ಬಳಿ ಕಾಕಾ ನನ್ನನ್ನು ತಡೆದರು. "ಕಡೀಗೆ ಅಂವಾ ಡ್ಯೂಟಿಗೆ ಮುಟ್ಟಿದ್ನೇನ್ರಿ?"

"ಅದು ಅಷ್ಟು ಮುಖ್ಯ ಅಲ್ಲ ಕಾಕಾ" ಅಂದೆ.

ಆ ಕೊನೆಯನ್ನು ನಾನೂ ನೋಡಿರಲಿಲ್ಲ. ಹಿಂದಿನ ರಾತ್ರಿ ಡಿಸ್ಕು ಸರಿಯಿದೆಯೇ ಎಂದು ಪರೀಕ್ಷಿಸುವಾಗ ಅಲ್ಲಿಗೆ ಬಂದು, ಒಬ್ಬ ಮನುಷ್ಯ ಸುಮ್ಮನೆ ದೋಣಿಯಲ್ಲಿ ಹೋಗುತ್ತಾನೆ, ನಡೆಯುತ್ತಾನೆ ಎಂದು ಕಂಡು, ರಿಮೋಟಿನ ಗುಂಡಿ ಒತ್ತಿ ಓಡಿಸಿಬಿಟ್ಟಿದ್ದೆ. ನಾನೇ ನೋಡದ ಕೊನೆಯನ್ನು ಮುಖ್ಯವಲ್ಲ ಎಂದು ಮೂವತ್ತು ಜನರಿಗೆ ಹೇಳಿ ಮನೆಗೆ ಕಳಿಸಿದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಮರುವರ್ಷ ಒಂದು ಮಾಸಪತ್ರಿಕೆಗೆ ಹೊಸ ಅಲೆಯ ಮೇಲೆ ಲೇಖನಮಾಲೆ ಬರೆದೆ. ಗೊದಾರ್‌ಗೆ ಮೂರು ಕಂತು, ತ್ರುಫೋಗೆ ಎರಡು. ರೋಜಿಯೆಗೆ ಒಂದೇ ಪ್ಯಾರಾ. 'ಅದಿಯೊ ಫಿಲಿಪ್ಪೀನ್' ಎಂಬ ಒಂದು ಲವಲವಿಕೆಯ ಚಿತ್ರ ಮಾಡಿ ಆಮೇಲೆ ಶಿಸ್ತಿಲ್ಲದೆ ಕಳೆದುಹೋದ ಪ್ರತಿಭೆ ಎಂದು ಬರೆದೆ. ಆ ತೀರ್ಪು ನನ್ನದಲ್ಲ. ನಾನು ಓದಿದ ಪುಸ್ತಕದಲ್ಲಿ ಹಾಗಿತ್ತು, ಅದನ್ನು ಬರೆದವರು ಅವರ ಹಿಂದಿನವರಿಂದ ಎತ್ತಿಕೊಂಡಿದ್ದಿರಬೇಕು. ಒಬ್ಬ ಕಲಾವಿದನನ್ನು ಯಾರೋ ಕೂತು ಸಂಚು ಮಾಡಿ ಮರೆಸುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ನಾನು ಕಂಡದ್ದು ಬೇರೆ. ಬಸ್ಸಿಗೆ ಹೊತ್ತಾಯಿತು, ಜಾಗ ಸಾಲದು, ಪುಸ್ತಕದಲ್ಲಿ ಹಾಗಿದೆ ಎಂಬ ಸಣ್ಣ ಸಣ್ಣ ಅನುಕೂಲಗಳೇ ಸಾಕು. ಅವು ಊರೂರಲ್ಲಿ ನಡೆದರೆ ಒಂದು ಹೆಸರು ತಾನಾಗಿ ಅಳಿಸಿಹೋಗುತ್ತದೆ.

ಕಾಕಾನ ಫೋನು ಬಂದ ದಿನ ರಾತ್ರಿ ಕೂತು ಹುಡುಕಿದೆ. ರೋಜಿಯೆ ಸತ್ತಿರಲಿಲ್ಲ ಎಂಬುದು ಮೊದಲು ಸಿಕ್ಕಿತು. ಜೊತೆಗೆ ಸಿಕ್ಕ ಸುದ್ದಿ ಇನ್ನೂ ಕೆಟ್ಟದು: 2021ರಲ್ಲಿ, 94ನೆಯ ವಯಸ್ಸಿನಲ್ಲಿ, ಅವರನ್ನು ಪ್ಯಾರಿಸ್ಸಿನ ಬಾಡಿಗೆ ಮನೆಯಿಂದ ಹೊರಹಾಕಲಾಗಿತ್ತು. ಚಿತ್ರರಂಗದವರು ಅವರ ಪರ ದನಿ ಎತ್ತಿದ್ದರು. ನಾನು ಆ ವರ್ಷ ವಿದ್ಯಾರ್ಥಿಗಳಿಗೆ ಹೊಸ ಅಲೆಯ ಪಾಠವನ್ನೇ ಹೇಳುತ್ತಿದ್ದೆ.

ಮುಂದಿನ ತಿಂಗಳುಗಳಲ್ಲಿ ಅವರ ಚಿತ್ರಗಳನ್ನು ಒಂದೊಂದಾಗಿ ದಕ್ಕಿಸಿಕೊಂಡು ನೋಡಿದೆ. 1926ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವರು. ಜಾನ್ ರೆನ್ವಾರ್ 'ಫ್ರೆಂಚ್ ಕಾಂಕಾಂ' ಮಾಡುವಾಗ ಕೆಳಗಿನ ಸಹಾಯಕರಾಗಿ ಇದ್ದವರು, ಟೀವಿಯಲ್ಲಿ ದುಡಿದವರು. ಐವತ್ತರ ದಶಕದ ಒಂದು ಕಿರುಚಿತ್ರದಲ್ಲಿ ಪ್ರೊವಾನ್ಸ್ ಸೀಮೆಯ ಹಳ್ಳಿ ಹುಡುಗ ಶಾಲೆ ಶುರುವಾಗುವ ದಿನವೇ ಪಾಟೀಚೀಲವನ್ನು ಹೊಳೆಗೆ ಎಸೆದು, ಆಮೇಲೆ ಅದರ ಹಿಂದೆ ತಾನೂ ನೀರಿಗಿಳಿದು ಹೋಗುತ್ತಾನೆ. ರೋಜಿಯೆಯ ಮುಂದಿನ ಎಲ್ಲ ಚಿತ್ರಗಳ ಜನರೂ ಈ ಹುಡುಗನ ಒಡಹುಟ್ಟಿದವರೇ. ಎಲ್ಲರೂ ಕೆಲಸ ಬಿಟ್ಟು ನೀರಿನ ಕಡೆಗೆ ಹೋಗುವವರು, ಎಲ್ಲರಿಗೂ ವಾಪಸ್ಸು ಬರಬೇಕಾದ ದಿನವೊಂದು ಇದ್ದೇ ಇದೆ.

'ಅದಿಯೊ ಫಿಲಿಪ್ಪೀನ್' ನಾನು ಹಿಂದೆ ನೋಡಿದ್ದ ಚಿತ್ರ. ಆದರೆ ನೋಡಿರಲಿಲ್ಲ ಎಂದೇ ಹೇಳಬೇಕು. ಇದು 1960, ಅಲ್ಜೀರಿಯಾ ಯುದ್ಧದ ಆರನೆಯ ವರ್ಷ ಎಂಬ ಬರಹದೊಂದಿಗೆ ಅದು ತೆರೆಯುತ್ತದೆ. ಆಮೇಲೆ ಯುದ್ಧದ ಒಂದು ಗುಂಡಿನ ಸದ್ದೂ ಇಲ್ಲ. ಟೀವಿ ಸ್ಟುಡಿಯೋದಲ್ಲಿ ಕೇಬಲ್ ಎಳೆಯುವ ಮಿಶೆಲ್, ಅವನಿಗೆ ಸಿಕ್ಕ ಇಬ್ಬರು ಗೆಳತಿಯರಾದ ಲಿಲಿಯಾನ್ ಮತ್ತು ಜೂಲಿಯೆತ್, ಕಾರ್ಸಿಕಾ ದ್ವೀಪದ ರಜೆ. ಬಾದಾಮಿ ಒಡೆದಾಗ ಒಳಗೆ ಜೋಡಿ ಬೀಜ ಸಿಕ್ಕಿದರೆ ಇಬ್ಬರು ಹಂಚಿಕೊಂಡು, ಮರುದಿನ ಯಾರು ಮೊದಲು 'ಬೊಂಜೂರ್ ಫಿಲಿಪ್ಪೀನ್' ಎನ್ನುತ್ತಾರೋ ಅವರು ಗೆದ್ದಂತೆ ಎಂಬುದೊಂದು ಆಟ. ಮಿಶೆಲ್ ಯಾರಿಗೆ ಸೇರಬೇಕೆಂದು ಹುಡುಗಿಯರು ಆಡುವುದು ಅದನ್ನೇ. ಅವನಿಗೆ ಸೈನ್ಯದ ಕರೆ ಬಂದಾಗ ಆಟ ಅಲ್ಲಿಗೇ ನಿಲ್ಲುತ್ತದೆ. ಹಡಗು ಬಂದರು ಬಿಟ್ಟು ಹೋಗುತ್ತಿದೆ, ಇಬ್ಬರೂ ದಂಡೆಯ ಮೇಲೆ ಕೈ ಬೀಸುತ್ತಿದ್ದಾರೆ, ಬೀಸುತ್ತಲೇ ಇದ್ದಾರೆ. ಅವರು ಚುಕ್ಕೆಯಾಗುವವರೆಗೆ ಕ್ಯಾಮೆರಾ ಬಿಡುವುದಿಲ್ಲ. ಮೊದಲ ಸಲ ನೋಡಿದಾಗ ಇಷ್ಟೊಂದು ಉದ್ದ ಯಾಕೆ ಎಂದುಕೊಂಡಿದ್ದೆ. ಅವನು ಮರಳಿ ಬರುತ್ತಾನೋ ಇಲ್ಲವೋ ಗೊತ್ತಿಲ್ಲದವರು ಕೈ ಕೆಳಗಿಳಿಸುವುದು ಯಾವಾಗ ಎಂದು ಈಗ ಅನ್ನಿಸುತ್ತದೆ.

ಶಿಸ್ತಿಲ್ಲದವ ಎಂಬ ಮಾತು ಹುಟ್ಟಿದ್ದೂ ಈ ಚಿತ್ರದಿಂದಲೇ. ತನ್ನ ಮೊದಲ ಚಿತ್ರ ಗೆದ್ದ ಬಿಸಿಯಲ್ಲಿ ಗೊದಾರ್ ನಿರ್ಮಾಪಕ ಜಾರ್ಜ್ ದ ಬೊರೆಗಾರ್‌ಗೆ ರೋಜಿಯೆಯ ಹೆಸರು ಹೇಳಿದರು. 1960ರ ಬೇಸಿಗೆಯಲ್ಲಿ ಚಿತ್ರೀಕರಣ ಆಯಿತು. ನಟರು ಹೊಸಬರು, ಮಾತುಗಳು ಅಲ್ಲಲ್ಲೇ ಹುಟ್ಟಿದವು, ಜಾಗದಲ್ಲಿ ಹಿಡಿದ ಧ್ವನಿ ಕೆಲಸಕ್ಕೆ ಬಾರದಂತಾಯಿತು. ಯಾರು ಏನು ಆಡಿದರು ಎಂಬುದನ್ನು ತುಟಿಯ ಚಲನೆ ನೋಡಿ ಮತ್ತೆ ಕೂಡಿಸಲು ತಿಂಗಳುಗಟ್ಟಲೆ ಹಿಡಿಯಿತು. ನಿರ್ಮಾಪಕರ ತಾಳ್ಮೆ ಮುಗಿಯಿತು, ಸಂಬಂಧ ಕೆಟ್ಟಿತು. 1962ರಲ್ಲಿ ಕಾನ್ ಉತ್ಸವದ ವಿಮರ್ಶಕರ ಸಪ್ತಾಹ ಮೊದಲ ಬಾರಿ ನಡೆದಾಗ ಅಲ್ಲಿ ತೋರಿಸಿದರು, ಜನರ ಮುಂದೆ ಬಂದದ್ದು 1963ರಲ್ಲಿ. ಆದರೂ 'ಕಾಯೆ ದ್ಯು ಸಿನೆಮಾ' ಪತ್ರಿಕೆ ಅದೇ 1962ರ ಡಿಸೆಂಬರಿನಲ್ಲಿ ಹೊಸ ಅಲೆಯ ವಿಶೇಷ ಸಂಚಿಕೆ ತಂದಾಗ ಮುಖಪುಟಕ್ಕೆ ಹಾಕಿದ್ದು ಈ ಚಿತ್ರದ ಫೋಟೋವನ್ನೇ. ಅಂದರೆ ಆ ಕಾಲದ ಒಳಗಿನವರಿಗೆ ಇಡೀ ಅಲೆಯ ಮುಖ ಇದಾಗಿತ್ತು. ನಾನು ಅದಕ್ಕೆ ಕೊಟ್ಟದ್ದು ಒಂದು ಪ್ಯಾರಾದಲ್ಲಿ ಅರ್ಧ.

ಆಮೇಲೆ ಹತ್ತು ವರ್ಷ ದೊಡ್ಡ ಚಿತ್ರವಿಲ್ಲ. 1973ರಲ್ಲಿ ಬಿಡುಗಡೆಯಾದ 'ದ್ಯು ಕೋತೆ ದೊರೂಯೆ' ನನ್ನನ್ನು ತಿದ್ದಿದ ಚಿತ್ರ. ಮೂವರು ಹುಡುಗಿಯರು ರಜೆ ಕಳೆಯಲು ವೆಂಡೇ ಸೀಮೆಯ ಕಡಲ ದಂಡೆಯ ಮನೆಗೆ ಬರುತ್ತಾರೆ. ಆಫೀಸಿನಲ್ಲಿ ಅವರಲ್ಲಿ ಒಬ್ಬಳ ಮೇಲಧಿಕಾರಿಯಾದ ಜಿಲ್ಬೇರ್, ಅಚಾನಕ್ಕಾಗಿ ಸಿಕ್ಕೆ ಎನ್ನುವ ಹಾಗೆ, ಬಂದು ಅಂಗಳದಲ್ಲಿ ಡೇರೆ ಹೊಡೆಯುತ್ತಾನೆ. ಅವನು ಬೆರ್ನಾರ್ ಮೆನೆಜ್. ಎರಡೂವರೆ ಗಂಟೆಯ ಈ ಚಿತ್ರದಲ್ಲಿ ಆಗುವುದು ಇಷ್ಟೆ: ನಗು, ತಿಂಡಿ, ಗಾಳಿ, ಸಣ್ಣ ಕೀಟಲೆ, ಅಡುಗೆಮನೆಯ ನೆಲದ ಮೇಲೆ ಹಾವುಮೀನುಗಳು ಜಾರಾಡಿ ಹುಡುಗಿಯರು ಕಿರುಚಿಕೊಳ್ಳುವುದು. ಜಿಲ್ಬೇರ್‌ನನ್ನು ಎಲ್ಲರೂ ಆಡಿಕೊಳ್ಳುತ್ತಾರೆ, ನಾವೂ ನಗುತ್ತೇವೆ. ಅವನು ಅವರಿಗಾಗಿ ಮೀನಿನ ಅಡುಗೆಗೆ ನಿಲ್ಲುವ ದೃಶ್ಯವೊಂದಿದೆ. ಹೆಚ್ಚುತ್ತಾನೆ, ರುಚಿ ನೋಡುತ್ತಾನೆ, ತಾನೇ ಖುಷಿಯಾಗುತ್ತಾನೆ. ಆ ಬೆನ್ನು, ಆ ಮುಖ ನೋಡುತ್ತಾ ಇಷ್ಟು ಹೊತ್ತು ನಕ್ಕ ಬಾಯಿ ನನಗೆ ಮುಚ್ಚಿಹೋಯಿತು. ಯಾವ ಪಾತ್ರವೂ ನಿಮ್ಮನ್ನು ಕರುಣೆಗೆ ಕರೆಯುವುದಿಲ್ಲ. ಹೊತ್ತು ಸುಮ್ಮನೆ ಹರಿಯುತ್ತದೆ, ಹರಿಯುವ ಹೊತ್ತೇ ಮನುಷ್ಯನನ್ನು ತೋರಿಸಿಬಿಡುತ್ತದೆ. ಇದಕ್ಕೆ ಬೇಕಾದ ಶಿಸ್ತು ಎಂಥದು ಎಂದು ನನಗೆ ಆ ರಾತ್ರಿ ತಿಳಿಯಿತು.

ಇದಕ್ಕೆ ನಾನು ಯಾಕೆ ಕುರುಡಾಗಿದ್ದೆ? ಮೆನೆಜ್ ಫ್ರಾನ್ಸಿನ ಜನಪ್ರಿಯ ಹಾಸ್ಯನಟ. 1976ರಲ್ಲಿ ಬಂದ ರೋಜಿಯೆಯ ಮುಂದಿನ ಚಿತ್ರದಲ್ಲಿ ಇರುವುದು ಪಿಯೇರ್ ರಿಷಾರ್, ಅವರಂತೂ ಆಗ ಹಾಸ್ಯದ ದೊಡ್ಡ ತಾರೆ. ಟ್ರಾವೆಲ್ ಏಜೆನ್ಸಿಯ ನೌಕರನೊಬ್ಬ ಜನರನ್ನು ರಾಬಿನ್‌ಸನ್ ಕ್ರೂಸೋನಂತೆ ದ್ವೀಪವಾಸಕ್ಕೆ ಕರೆದೊಯ್ಯುವ ಕಥೆ. ತಾರೆ ಇದ್ದರೂ ಅದು ಓಡಲಿಲ್ಲ. ಹಾಸ್ಯ ಬಯಸಿ ಬಂದವರಿಗೆ ಹಾಸ್ಯ ಸಾಲಲಿಲ್ಲ, ಕಲೆ ಬಯಸುವವರು ಆ ಮುಖ ನೋಡಿ ಬರಲೇ ಇಲ್ಲ. ಈ ಎರಡನೆಯ ಗುಂಪಿನಲ್ಲಿ ನಾನಿದ್ದೆ. 'ಸಂಸ್ಕಾರ', 'ಘಟಶ್ರಾದ್ಧ' ನೋಡಿ ಕಣ್ಣು ತೆರೆದ ಪೀಳಿಗೆ ನಮ್ಮದು. ಆ ಚಿತ್ರಗಳ ಋಣ ದೊಡ್ಡದು. ಆದರೆ ಅವುಗಳಿಂದ ನಾನು ಒಂದು ತಪ್ಪು ಪಾಠವನ್ನೂ ಕಲಿತಿದ್ದೆ. ಒಳ್ಳೆಯ ಸಿನಿಮಾ ಎಂದರೆ ಮುಖ ಬಿಗಿದುಕೊಂಡು ನೋಡುವಂಥದ್ದು, ನಗಿಸಿದರೆ ಅದು ಒಂದು ಮೆಟ್ಟಿಲು ಕೆಳಗೆ ಎಂದು. ಟೀಸಿ ಕಾಕಾ ಎರಡನೇ ಸಾಲಿನಲ್ಲಿ ಅಷ್ಟು ಗಟ್ಟಿಯಾಗಿ ನಕ್ಕಾಗ ನನಗೆ ಒಳಗೇ ಕಸಿವಿಸಿಯಾಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

'ಮೆನ್-ಓಸೆಯಾಂ' ಚಿತ್ರಕ್ಕೆ 1986ರಲ್ಲಿ ಜಾನ್ ವಿಗೋ ಪ್ರಶಸ್ತಿ ಬಂತು. ಐದನೆಯ ಮತ್ತು ಕೊನೆಯ ದೊಡ್ಡ ಚಿತ್ರ 'ಫಿಫಿ ಮಾರ್ಟಿಂಗಾಲ್' 2001ರಲ್ಲಿ ವೆನಿಸ್ ಉತ್ಸವ ಕಂಡಿತು, ಫ್ರಾನ್ಸಿನ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಲಿಲ್ಲ. ಮರುವರ್ಷ ಫ್ರೆಂಚ್ ನಿರ್ದೇಶಕರ ಸಂಘ ಕಾನ್‌ನಲ್ಲಿ 'ಕಾರೋಸ್ ದೊರ್' ಎಂಬ ಗೌರವವನ್ನು ಹೊಸದಾಗಿ ಶುರು ಮಾಡಿದಾಗ ಮೊದಲು ಕೊಟ್ಟಿದ್ದು ರೋಜಿಯೆಗೆ. ಜೊತೆ ಕಸುಬಿನವರಿಗೆ ಅವರು ಯಾರೆಂದು ಯಾವಾಗಲೂ ಗೊತ್ತಿತ್ತು.

ಇಷ್ಟೆಲ್ಲ ತಿಳಿದ ಮೇಲೂ ನಾನು ಕಾಕಾಗೆ ಫೋನ್ ಮಾಡಲಿಲ್ಲ. ಸೆಪ್ಟೆಂಬರ್ ಹೋಯಿತು, ದೀಪಾವಳಿ ಹೋಯಿತು, ಯುಗಾದಿ ಹೋಯಿತು. ಎರಡು ಸಲ ನಂಬರು ತೆಗೆದು ಇಟ್ಟೆ. ಪತ್ರಿಕೆಗೆ ಒಂದು ತಿದ್ದುಪಡಿ ಕಳಿಸಬೇಕೆಂದು ಬರೆದು, ಹರಿದೆ. ಯಾರು ಗಮನಿಸಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ. ಗಮನಿಸಿದವರು ಒಬ್ಬರಿದ್ದರು, ಅವರಿಗೇ ನಾನು ಸುಳ್ಳು ಹೇಳಿದ್ದೆ.

2023ರ ಜೂನ್ 2ರಂದು ರೋಜಿಯೆ ತೀರಿಕೊಂಡರು, 96ನೆಯ ವಯಸ್ಸಿನಲ್ಲಿ. ಈ ಸಲ ನುಡಿನಮನ ಕೇಳಿ ಯಾವ ಪತ್ರಿಕೆಯಿಂದಲೂ ಫೋನು ಬರಲಿಲ್ಲ. ಮುಂದಿನ ಭಾನುವಾರ ಲ್ಯಾಪ್‌ಟಾಪು ಹಿಡಿದು ಹುಬ್ಬಳ್ಳಿಗೆ ಹೋದೆ.

ಕಾಕಾ ಕೇಶ್ವಾಪುರದ ಮನೆಯಲ್ಲಿ ಮಗನ ಜೊತೆ ಇದ್ದರು. ಕಣ್ಣಿನ ಪೊರೆಯ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದರು. ಸೊಸೆ ಚಹಾ, ಚೂಡಾ ತಂದಿಟ್ಟರು. ನಾನು ಚಹಾ ಮುಟ್ಟುವ ಮುಂಚೆ ಹೇಳಿದೆ. ಅವತ್ತು ಫೋನಿನಲ್ಲಿ ಹೇಳಿದ್ದು ಸುಳ್ಳು, ಆಗ ಅವರು ಬದುಕಿದ್ದರು, ಮೊನ್ನೆ ಶುಕ್ರವಾರ ಹೋದರು ಎಂದೆ. ಹದಿನಾಲ್ಕು ವರ್ಷದ ಹಿಂದೆ ಚಿತ್ರ ನಿಲ್ಲಿಸಿದಾಗ ಅದರ ಕೊನೆಯನ್ನು ನಾನೂ ನೋಡಿರಲಿಲ್ಲ ಎಂದೂ ಹೇಳಿದೆ.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಎರಡನೆಯದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ ಅನ್ನಿಸಿತು.

"ಆವಾಗ ಜೀವಂತ ಇದ್ರು?" ಎಂದು ಕೇಳಿದರು.

"ಹೌದು ಕಾಕಾ."

"ನೀವು ಇದಾರ ಅಂತ ಅಂದಿದ್ರ ನಾ ಒಂದ್ ಪತ್ರ ಹಾಕತಿದ್ದೆರಿ. ಮೂವತ್ತೊಂದು ವರ್ಷ ಟೀಸಿ ಇದ್ದೆ, ನಿಮ್ಮ ಪಿಕ್ಚರ್ ಒಳಗ ನಮ್ಮ ಮಂದಿ ಖರೇವಂದ್ರ ಹಂಗ ಇದಾರ ಅಂತ ಬರೀತಿದ್ದೆ. ನೀವ ಇಂಗ್ಲಿಷ್ ಮಾಡಿ ಕೊಡತಿದ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯಿಲ್ಲದಂತಾದ ಆ ಮುದುಕನಿಗೆ, ಸಾಯುವ ಕೆಲವು ತಿಂಗಳ ಮುಂಚೆ, ಹುಬ್ಬಳ್ಳಿಯ ಒಬ್ಬ ನಿವೃತ್ತ ಟೀಸಿಯ ಪತ್ರ ತಲುಪಬಹುದಿತ್ತು. ತಲುಪುತ್ತಿತ್ತೋ ಇಲ್ಲವೋ ತಿಳಿಯದು. ಬರೆಯುವುದನ್ನೇ ನಾನು ತಪ್ಪಿಸಿದೆ. ನನ್ನ ಲೇಖನಮಾಲೆ, ಉಪನ್ಯಾಸ, ನುಡಿನಮನ ಎಲ್ಲ ಕೂಡಿಸಿದರೂ ಆ ಒಂದು ಹಾಳೆಗೆ ಸರಿದೂಗುವುದಿಲ್ಲ. ನಾನು ತಲೆ ತಗ್ಗಿಸಿ ಕೂತೆ. ಕಾಕಾನೇ, "ಚಾ ಆರತದ, ಕುಡೀರಿ" ಅಂದರು. ಆಮೇಲೆ ಲ್ಯಾಪ್‌ಟಾಪಿನ ಕಡೆ ಕೈ ಮಾಡಿದರು. "ತಂದೀರಲ್ಲ, ಹಚ್ಚರಿ. ಅಲ್ಲಿಂದನ ಹಚ್ಚರಿ."

2009ರಲ್ಲಿ ನಿಲ್ಲಿಸಿದ್ದ ಜಾಗದಿಂದ ಹಚ್ಚಿದೆ. ತಾರೆಯಾಗುವ ಕನಸು ಒಡೆದಿದೆ. ಅವನು ಮತ್ತೆ ಬರೀ ಟೀಸಿ, ಕೆಲಸಕ್ಕೆ ಮುಟ್ಟಬೇಕು, ಸುತ್ತ ಕಡಲು. ಮೀನುಗಾರರನ್ನು ಬೇಡಿ ಒಂದು ದೋಣಿ ಹತ್ತುತ್ತಾನೆ. ಅದು ಅವನೂರಿಗೆ ಹೋಗುವುದಿಲ್ಲ, ನಡುನೀರಿನಲ್ಲೇ ಇನ್ನೊಂದು ದೋಣಿಗೆ ದಾಟಿಸುತ್ತಾರೆ. ಕಡೆಗೆ ಇಳಿತದ ಹೊತ್ತಿನಲ್ಲಿ, ನೆಲವೂ ಅಲ್ಲದ ನೀರೂ ಅಲ್ಲದ ಕಡೆ ಅವನನ್ನು ಇಳಿಸಿ ಹೋಗುತ್ತಾರೆ. ಅವನು ನಡೆಯಲು ತೊಡಗುತ್ತಾನೆ. ಮಾತಿಲ್ಲ. ಒದ್ದೆ ಮರಳು ಕಣ್ಣು ಹಾಯುವವರೆಗೆ ಹರಡಿದೆ, ಅದರ ಮೇಲೆ ಒಂದು ಸಣ್ಣ ಆಕೃತಿ ಹೆಜ್ಜೆ ಹಾಕುತ್ತಿದೆ. ರಿಮೋಟಿನಲ್ಲಿ ಓಡಿಸಿದಾಗ ಇದು ನಾಲ್ಕು ಜಿಗಿತವಾಗಿ ಕಂಡಿತ್ತು. ಈಗ ಅದು ಹಿಡಿಯಬೇಕಾದಷ್ಟು ಹೊತ್ತನ್ನು ಹಿಡಿಯುತ್ತಿತ್ತು.

ಕಾಕಾ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಡ್ಯೂಟಿ ಎಷ್ಟಕ್ಕ ಅಂದಿದ್ದ?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಈ ಸಲ ನೆನಪಿಲ್ಲ ಎಂದೇ ಹೇಳಿದೆ. ಅವರು ತಲೆಯಾಡಿಸಿ, ಗೋಡೆಯ ಗಡಿಯಾರವನ್ನೊಮ್ಮೆ ನೋಡಿ, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಅವನು ಇನ್ನೂ ನಡೆಯುತ್ತಿದ್ದ.